ಒಂದೇ ಪರದೆ, ನಾಲ್ಕು ಸೀನರಿ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಹತ್ತೋಣವೆಂದರೆ ಕನಿಷ್ಠ 4 ಜಿಬಿ ರ್ಯಾಮ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಹೋಬಳಿ ಊರಿನ ಜೆರಾಕ್ಸ್ ಅಂಗಡಿಯನ್ನು ನೆನೆಸಿಕೊಳ್ಳಿ. ಪಹಣಿ ತೆಗೆಯಲು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು, ಮಕ್ಕಳ ವಿದ್ಯಾರ್ಥಿವೇತನದ ಫಾರಂ ತುಂಬಲು ಅಲ್ಲಿರುವ ಯಂತ್ರ ಹನ್ನೆರಡು ವರ್ಷದ್ದು, ರ್ಯಾಮ್ 2 ಜಿಬಿ. ಕೀಬೋರ್ಡಿನ ಅಕ್ಷರಗಳು ಸವೆದಿವೆಯೇ ಹೊರತು ಯಂತ್ರ ಸತ್ತಿಲ್ಲ. ಅಂಗಡಿಯವನ ತಮ್ಮ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು. ಭಾನುವಾರ ಊರಿಗೆ ಬಂದವನು ಪೆನ್‌ಡ್ರೈವ್ ಚುಚ್ಚಿ ಯಂತ್ರದೊಳಗೆ ಡೆಬಿಯನ್ ಲಿನಕ್ಸ್ ಕೂರಿಸಿ, ಮೇಲೊಂದು ಓಪನ್‌ಬಾಕ್ಸ್ ಎಂಬ ಹಗುರ ಕಾರ್ಯಕ್ರಮ ಹಾಕಿ ಹೋಗುತ್ತಾನೆ ಎನ್ನೋಣ.

ಸೋಮವಾರ ಬೆಳಿಗ್ಗೆ ಯಂತ್ರ ಕುದುರೆಯಂತೆ ಓಡುತ್ತದೆ. ಕುಣಿಗಲ್ಲಿನ ಹೆಸರಾಂತ ಕುದುರೆ ಫಾರಂ ಹತ್ತಿರದಲ್ಲೇ ಇರುವುದರಿಂದ ಈ ಹೋಲಿಕೆ ಅಲ್ಲಿ ಬೇಗ ಒಪ್ಪಿಗೆಯಾಗುತ್ತದೆ. ಓಟಕ್ಕೆ ಯಾರ ತಕರಾರೂ ಇಲ್ಲ. ತಕರಾರು ಮುಖದ ಮೇಲೆ. ಫೈಲ್ ಮ್ಯಾನೇಜರ್ ತಿಳಿಬೂದಿ ಬಣ್ಣದಲ್ಲಿ ಸಭ್ಯವಾಗಿದೆ. ಪಿಡಿಎಫ್ ತೋರಿಸುವ ಕಾರ್ಯಕ್ರಮದ ಗುಂಡಿಗಳು ಬೇರೆ ಆಕಾರದವು, ಅವುಗಳ ಮೇಲಿನ ಚಿತ್ರಗಳು ಅರ್ಧ ಮಾಯ. ಲಿಬ್ರೆಆಫೀಸ್ ವಿಂಡೋಸ್ 95ರ ಕಾಲದ ಪೆಟ್ಟಿಗೆಯಂತೆ ಕೂತಿದೆ. ಜಾವಾದಲ್ಲಿ ಬರೆದ ಇನ್ನೊಂದು ಕಾರ್ಯಕ್ರಮದ ಅಕ್ಷರಗಳು ಇರುವೆಯಷ್ಟು. ಪಹಣಿಗೆಂದು ಬಂದ ಹಿರಿಯರೊಬ್ಬರು ಕೌಂಟರಿನ ಈಚೆಯಿಂದ ಬಗ್ಗಿ ನೋಡಿ, “ಏನಪ್ಪಾ, ನಿನ್ ಕಂಪ್ಯೂಟ್ರು ಗಳಿಗೆಗೊಂದು ವೇಷ ಹಾಕ್ತದೆ” ಎಂದರೆ ಅಂಗಡಿಯವನಿಗೆ ಉತ್ತರ ಹೊಳೆಯುವುದಿಲ್ಲ.

ಉತ್ತರ ಇದೆ. ಅದು ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ.

ಲಿನಕ್ಸ್ ಕೂಡ ಸೇರಿದ ಯುನಿಕ್ಸ್ ಜಗತ್ತಿನ ಪರದೆಯನ್ನು ಆಳಿದ ಎಕ್ಸ್ ವಿಂಡೊ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಇಂದಿಗೂ ಬಳಕೆಯಲ್ಲಿರುವ ಅದರ 11ನೆಯ ಆವೃತ್ತಿ ಬಂದದ್ದು 1987ರಲ್ಲಿ. ಅದನ್ನು ಕಟ್ಟಿದವರು ಒಂದು ನೇಮ ಹಾಕಿಕೊಂಡಿದ್ದರು: ಚಿತ್ರ ಬರೆಯುವ ಸಲಕರಣೆ ಕೊಡುವುದಷ್ಟೇ ತಮ್ಮ ಕೆಲಸ, ಗುಂಡಿ ಹೇಗಿರಬೇಕು, ಮೆನು ಯಾವ ಬಣ್ಣದಲ್ಲಿರಬೇಕು ಎಂಬ ತೀರ್ಮಾನ ತಮ್ಮದಲ್ಲ. ಕಿಟಕಿಗಳನ್ನು ಪರದೆಯ ಮೇಲೆ ಜೋಡಿಸುವ ಕೆಲಸವನ್ನೂ ಅವರು ಬೇರೊಂದು ಕಾರ್ಯಕ್ರಮಕ್ಕೆ ವಹಿಸಿದರು. ಅದೇ ವಿಂಡೊ ಮ್ಯಾನೇಜರ್.

ಹೆಸರು ಕೇಳಿದರೆ ದೊಡ್ಡ ಅಧಿಕಾರಿ ಎನ್ನಿಸುತ್ತದೆ. ಅಧಿಕಾರ ಇರುವುದು ಚೌಕಟ್ಟಿನ ಮೇಲೆ ಮಾತ್ರ. ಕಿಟಕಿಯ ತಲೆಪಟ್ಟಿ, ಅದರ ತುದಿಯಲ್ಲಿರುವ ಮುಚ್ಚುವ-ಕುಗ್ಗಿಸುವ ಗುರುತುಗಳು, ಸುತ್ತಲ ಅಂಚು, ಯಾವ ಕಿಟಕಿ ಮೇಲೆ ಯಾವುದು ಕೆಳಗೆ ಎಂಬ ಲೆಕ್ಕ: ಇಷ್ಟು ವಿಂಡೊ ಮ್ಯಾನೇಜರಿನ ಸರಹದ್ದು. ಕಿಟಕಿಯೊಳಗೆ ನಡೆಯುವ ಸಂಸಾರಕ್ಕೂ ಅದಕ್ಕೂ ಸಂಬಂಧವಿಲ್ಲ. 1997ರ ಐಸ್‌ಡಬ್ಲ್ಯುಎಂ, ಬ್ಲ್ಯಾಕ್‌ಬಾಕ್ಸ್ ವಂಶದ ಫ್ಲಕ್ಸ್‌ಬಾಕ್ಸ್ ಮತ್ತು ಓಪನ್‌ಬಾಕ್ಸ್, 2009ರ ಐ3, ಎರಡು ಸಾವಿರ ಸಾಲು ಮೀರಬಾರದೆಂದು ಪಣ ತೊಟ್ಟ ಡಿಡಬ್ಲ್ಯುಎಂ, ಇವೆಲ್ಲ ಹಗುರವಾಗಿರುವುದು ಇದೇ ಕಾರಣಕ್ಕೆ. ಇವು ಮಾಡುವ ಕೆಲಸವೇ ಕಡಿಮೆ.

ಒಳಗಿನ ಸಂಸಾರ ನೋಡಿಕೊಳ್ಳುವುದು ಟೂಲ್‌ಕಿಟ್. ಗುಂಡಿ, ಮೆನು, ಚೌಕಟ್ಟು, ಸ್ಕ್ರೋಲ್ ಪಟ್ಟಿಗಳನ್ನು ಬರೆದುಕೊಡುವ ಸಿದ್ಧ ಸಾಮಗ್ರಿಯ ಕಣಜ ಅದು. ಲಿನಕ್ಸಿನಲ್ಲಿ ಇಂಥ ಕಣಜಗಳಲ್ಲಿ ದೊಡ್ಡವು ಎರಡು. ನಾರ್ವೆಯ ಟ್ರೋಲ್‌ಟೆಕ್ ಕಂಪನಿ ಕಟ್ಟಿದ್ದು ಕ್ಯೂಟ್. ಅದರ ಮೇಲೆ 1996ರ ಅಕ್ಟೋಬರ್ 14ರಂದು ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಶ್ ಕೆಡಿಇ ಎಂಬ ಡೆಸ್ಕ್‌ಟಾಪ್ ಯೋಜನೆಯನ್ನು ಪ್ರಕಟಿಸಿದರು. ವಿಂಡೋಸ್ 10 ನಿವೃತ್ತಿಯಾದದ್ದು ಸರಿಯಾಗಿ ಅದರ 29ನೆಯ ಹುಟ್ಟುಹಬ್ಬಕ್ಕೆ ಎನ್ನುವುದನ್ನು ಕೆಡಿಇಯವರು ಖುಷಿಯಿಂದಲೇ ನೆನೆದಾರು. ಕ್ಯೂಟ್‌ನ ಆಗಿನ ಪರವಾನಗಿ ಪೂರ್ತಿ ಮುಕ್ತವಲ್ಲ ಎಂಬ ಅಸಮಾಧಾನದಿಂದ ಮೆಕ್ಸಿಕೊದ ಮಿಗೆಲ್ ಡಿ ಇಕಾಸಾ ಮತ್ತು ಫೆಡೆರಿಕೊ ಮೆನಾ 1997ರ ಆಗಸ್ಟ್ 15ರಂದು ಗ್ನೋಮ್ ಯೋಜನೆ ಪ್ರಕಟಿಸಿದರು. ಇಲ್ಲಿ ಸ್ವಾತಂತ್ರ್ಯದ ಐವತ್ತು ವರ್ಷ ತುಂಬಿದ ದಿನವೇ ಅಲ್ಲಿಯೂ ಒಂದು ಸ್ವಾತಂತ್ರ್ಯ ಘೋಷಣೆ. ಅವರು ಹಿಡಿದದ್ದು ಜಿಟಿಕೆ ಎಂಬ ಕಣಜ. ಗಿಂಪ್ ಎಂಬ ಚಿತ್ರ ತಿದ್ದುವ ಕಾರ್ಯಕ್ರಮಕ್ಕಾಗಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಕಟ್ಟಿದ್ದು ಅದು.

ಈ ಎರಡೂ ಮನೆತನಗಳು ಬೆಂಗಳೂರಿಗೆ ಹೆಚ್ಚುಕಡಿಮೆ ಜೊತೆಯಲ್ಲೇ ಬಂದು ಹೋದದ್ದುಂಟು. 2011ರ ಮಾರ್ಚ್‌ನಲ್ಲಿ ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಡಿಇಯ ಸಮಾವೇಶ ನಡೆಯಿತು. ಇನ್ನೂ ತಿಂಗಳು ಕಳೆದಿರಲಿಲ್ಲ, ಗ್ನೋಮ್ 3 ಬಿಡುಗಡೆಯ ಹೊಸ್ತಿಲಲ್ಲಿ ದಯಾನಂದ ಸಾಗರ್ ಸಂಸ್ಥೆಯ ಆವರಣದಲ್ಲಿ ಗ್ನೋಮ್ ಏಷ್ಯಾ ಶೃಂಗಸಭೆ. ಎರಡು ಆವರಣಗಳ ನಡುವೆ ಬೆಂಗಳೂರಿನ ಲೆಕ್ಕದಲ್ಲಿ ಒಂದು ಬಸ್ಸಿನ ದೂರ. ಎರಡೂ ಕಡೆ ಕೂತು ಬಂದ ವಿದ್ಯಾರ್ಥಿಯೊಬ್ಬ ಆಮೇಲೆ ತನ್ನ ಲ್ಯಾಪ್‌ಟಾಪ್ ತೆರೆದಿದ್ದರೆ, ಆ ಬಸ್ಸಿನ ದೂರ ಪರದೆಯ ಮೇಲೂ ಹಾಗೇ ಇತ್ತು ಎನ್ನುವುದು ಅವನಿಗೆ ಕಾಣುತ್ತಿತ್ತು.

ಆ ದೂರವನ್ನು ಒಂದೇ ಪೆಟ್ಟಿಗೆ ಅಳಿಸಲು ಹೋದವರು ಇಲ್ಲದಿಲ್ಲ. 2002ರ ಸೆಪ್ಟೆಂಬರ್‌ನಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 8.0 ತನ್ನೊಂದಿಗೆ ಬ್ಲೂಕರ್ವ್ ಎಂಬ ಥೀಮ್ ತಂದಿತು. ಗ್ನೋಮ್‌ಗೂ ಕೆಡಿಇಗೂ ಒಂದೇ ಗುಂಡಿ, ಒಂದೇ ಐಕಾನ್, ಒಂದೇ ನೀಲಿ. ಬಳಕೆದಾರನಿಗೆ ತಾನು ಯಾವ ಮನೆಯೊಳಗಿದ್ದೇನೆ ಎಂದು ಗೊತ್ತಾಗಬೇಕಾದ ಅಗತ್ಯವಿಲ್ಲ ಎಂಬುದು ಕಂಪನಿಯ ವಾದ. ಕೆಡಿಇ ಪಾಳಯ ಕೆರಳಿತು. ತಮ್ಮ ಮಗುವಿನ ಮುಖವನ್ನೇ ಒರೆಸಿ ಹಾಕಿದರು ಎಂಬ ಸಿಟ್ಟು. ರೆಡ್ ಹ್ಯಾಟ್‌ನಲ್ಲೇ ಕೆಡಿಇ ಪ್ಯಾಕೇಜುಗಳನ್ನು ನೋಡಿಕೊಳ್ಳುತ್ತಿದ್ದ ಬರ್ನ್‌ಹಾರ್ಡ್ ರೋಸೆನ್‌ಕ್ರೆಂಜರ್ ಕೆಲಸ ಬಿಟ್ಟು ಹೊರನಡೆದರು. ಬಣ್ಣ ಬಳಿಯುವ ವಿಚಾರಕ್ಕೆ ಇಷ್ಟು ದೊಡ್ಡ ರಂಪವೇ ಎಂದು ಕೇಳುವವರು ಒಮ್ಮೆ ಊರಹಬ್ಬದ ದೇವರ ಉತ್ಸವದಲ್ಲಿ ಅಲಂಕಾರದ ಬಗ್ಗೆ ನಡೆಯುವ ಜಗಳ ನೋಡಬೇಕು.

ಇನ್ನು ಆ ಹಿರಿಯರ ಮಾತಿಗೆ ಬರಬಹುದು. ವೇಷ ಎಂದರಲ್ಲ, ಅದು ಹುಡುಕಿದರೂ ಸಿಗದ ಸರಿಯಾದ ಮಾತು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇವತ್ತಿಗೂ ಕುರುಕ್ಷೇತ್ರ ನಾಟಕ ಬೆಳಗಿನ ತನಕ ನಡೆಯುತ್ತದೆ. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ ಸೀಮೆ ಇದು. ಗುಬ್ಬಿ ವೀರಣ್ಣನವರು ಅದೇ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆ ತಂದು ರಂಗದ ಮೇಲೆ ನಿಲ್ಲಿಸಿದವರು. ಹಳ್ಳಿಯ ನಾಟಕದಲ್ಲಿ ದುರ್ಯೋಧನನ ಪಾತ್ರ ಹಾಕುವವರು ರೇಷನ್ ಅಂಗಡಿಯವರಿರಬಹುದು, ಭೀಮ ಪಂಪ್‌ಸೆಟ್ ರಿಪೇರಿಯವನಿರಬಹುದು, ಶಕುನಿ ಮೇಷ್ಟ್ರಿರಬಹುದು. ಆದರೂ ರಂಗದ ಮೇಲೆ ಎಲ್ಲರೂ ಒಂದೇ ಆಸ್ಥಾನದವರಂತೆ ಕಾಣುತ್ತಾರೆ. ಕಾರಣ, ಪರದೆಯಿಂದ ಕಿರೀಟದವರೆಗೆ ಎಲ್ಲವೂ ಒಂದೇ ಡ್ರಾಮಾ ಸೀನರಿಯವರ ಲಾರಿಯಲ್ಲಿ ಬಂದಿಳಿದಿರುತ್ತದೆ. ಹಾರ್ಮೋನಿಯಂ ಮೇಷ್ಟ್ರು ಒಬ್ಬರು ಕೂತು ಯಾರಿಗೆ ಯಾವುದು ಎಂದು ಹೇಳುತ್ತಾರೆ.

ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇಯಂಥ ಪೂರ್ಣ ಡೆಸ್ಕ್‌ಟಾಪ್‌ಗಳಲ್ಲಿ ಆ ಲಾರಿಯೂ ಇದೆ, ಮೇಷ್ಟ್ರೂ ಇದ್ದಾರೆ. ಮೇಷ್ಟ್ರ ಕೆಲಸ ಮಾಡುವುದು ಸೆಟ್ಟಿಂಗ್ಸ್ ಡೀಮನ್, ಎಂದರೆ ಹಿನ್ನೆಲೆಯಲ್ಲಿ ಸದ್ದಿಲ್ಲದೆ ಓಡುವ ಒಂದು ಕಾರ್ಯಕ್ರಮ. ಎಕ್ಸ್‌ಸೆಟ್ಟಿಂಗ್ಸ್ ಎಂಬ ಒಪ್ಪಂದದ ಪ್ರಕಾರ ಅದು “ಈಗ ಥೀಮ್ ಇದು, ಐಕಾನ್ ಇದು, ಫಾಂಟ್ ಇಷ್ಟು ದೊಡ್ಡದು” ಎಂದು ಸಾರುತ್ತಿರುತ್ತದೆ. ತೆರೆದಿರುವ ಜಿಟಿಕೆ ಕಿಟಕಿಗಳೆಲ್ಲ ಅದನ್ನು ಕೇಳಿಸಿಕೊಂಡು ನಿಂತ ನಿಲುವಿನಲ್ಲೇ ಬಟ್ಟೆ ಬದಲಿಸುತ್ತವೆ. ಬರಿಯ ಓಪನ್‌ಬಾಕ್ಸ್ ಹಾಕಿದ ಕಡೆ ಸಾರುವವರಿಲ್ಲ. ಪ್ರತಿ ನಟನೂ ತನ್ನ ಮನೆಯ ಟ್ರಂಕು ತೆರೆದು ಸಿಕ್ಕಿದ್ದು ಹಾಕಿಕೊಂಡು ಬರುತ್ತಾನೆ. ಯಾರು ಯಾವ ಟ್ರಂಕು ತೆರೆಯುತ್ತಾರೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಜಿಟಿಕೆಯ ಎರಡನೆಯ ಪೀಳಿಗೆಯ ಕಾರ್ಯಕ್ರಮಗಳು ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ಅಡಗಿರುವ ಜಿಟಿಕೆಆರ್‌ಸಿ-2.0 ಕಡತ ನೋಡುತ್ತವೆ. 2011ರಲ್ಲಿ ಬಂದ ಮೂರನೆಯ ಪೀಳಿಗೆಗೆ ಜಾಗ ಬೇರೆ. ಕಾನ್ಫಿಗ್ ಫೋಲ್ಡರಿನೊಳಗೆ ಜಿಟಿಕೆ-3.0, ಅದರೊಳಗೆ ಸೆಟ್ಟಿಂಗ್ಸ್ ಹೆಸರಿನ ಕಡತ. 2020ರ ಡಿಸೆಂಬರಿನ ನಾಲ್ಕನೆಯ ಪೀಳಿಗೆಗೆ ಮತ್ತೊಂದು ಫೋಲ್ಡರ್. ಮೊದಲೆರಡನ್ನು ಒಂದೇ ಸಲಕ್ಕೆ ಬರೆದುಕೊಡುವ ಎಲ್‌ಎಕ್ಸ್‌ಅಪಿಯರೆನ್ಸ್ ಎಂಬ ಪುಟ್ಟ ಕಾರ್ಯಕ್ರಮವಿದೆ. ತೈವಾನಿನಲ್ಲಿ 2006ರಲ್ಲಿ ಹುಟ್ಟಿದ ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪಿನ ಕೂಸು ಅದು. ಡೆಸ್ಕ್‌ಟಾಪ್ ಬಿಟ್ಟು ಅದನ್ನೊಂದೇ ಹಾಕಿಕೊಳ್ಳಬಹುದು. ಹಳೆಯ ಯಂತ್ರಗಳ ಮಟ್ಟಿಗೆ ಇದಕ್ಕಿಂತ ಉಪಕಾರಿ ಸಲಕರಣೆ ಇನ್ನೊಂದಿಲ್ಲ.

ಇಲ್ಲೊಂದು ಹಳ್ಳ ಇದೆ, ಹೊಸಬರು ಬೀಳದೆ ಬಿಡುವುದಿಲ್ಲ. ಹಿಂದೆಂದೋ ಎಕ್ಸ್‌ಎಫ್‌ಸಿಇ ಹಾಕಿ ನೋಡಿ, ಅದರ ಸೆಟ್ಟಿಂಗ್ಸ್ ಡೀಮನ್ ಓಪನ್‌ಬಾಕ್ಸ್ ಜೊತೆಗೂ ಎದ್ದೇಳುವಂತೆ ಮಾಡಿಟ್ಟಿದ್ದರೆ, ಮೇಷ್ಟ್ರು ಮರೆಯಲ್ಲಿ ಕೂತು ಸಾರುತ್ತಲೇ ಇರುತ್ತಾರೆ. ಸಾರಿದ ಮಾತಿಗೆ ಬರೆದಿಟ್ಟ ಕಡತಕ್ಕಿಂತ ಮರ್ಯಾದೆ ಹೆಚ್ಚು. ಕಡತದಲ್ಲಿ ಥೀಮಿನ ಹೆಸರು ಹತ್ತು ಸಲ ಬದಲಿಸಿದರೂ ಪರದೆಯ ಮೇಲೆ ಕೂದಲೂ ಅಲ್ಲಾಡುವುದಿಲ್ಲ. ಮೊದಲು ಯಾರು ಸಾರುತ್ತಿದ್ದಾರೆ ಎಂದು ನೋಡಿ, ಬೇಡದಿದ್ದರೆ ನಿಲ್ಲಿಸಬೇಕು. ಇಲ್ಲವೇ ಆ ಪದ್ಧತಿಯನ್ನೇ ಒಪ್ಪಿಕೊಂಡು ಎಕ್ಸ್‌ಸೆಟ್ಟಿಂಗ್ಸ್‌ಡಿ ಎಂಬ ಹಗುರವಾದ ಡೀಮನ್ ಇಟ್ಟುಕೊಳ್ಳಬೇಕು. ಅದಕ್ಕೆ ಯಾವ ಡೆಸ್ಕ್‌ಟಾಪಿನ ಹಂಗೂ ಇಲ್ಲ.

ಕ್ಯೂಟ್ ಕಡೆಯವರು ಈ ಸಾರಿಕೆಗೆ ಕಿವಿಗೊಡುವುದಿಲ್ಲ. ತಾವು ಯಾವ ಡೆಸ್ಕ್‌ಟಾಪಿನಲ್ಲಿದ್ದೇವೆ ಎಂದು ಮೊದಲು ವಿಚಾರಿಸುತ್ತಾರೆ. ಉತ್ತರ ಸಿಗದಿದ್ದರೆ ಫ್ಯೂಷನ್ ಎಂಬ ತಮ್ಮ ಮನೆಯ ಸಾದಾ ಬಟ್ಟೆ ತೊಟ್ಟು ಬರುತ್ತಾರೆ. ಇವರಿಗೆ ಕ್ಯೂಟಿ5ಸಿಟಿ, ಕ್ಯೂಟಿ6ಸಿಟಿ ಎಂಬ ಎರಡು ಸಲಕರಣೆಗಳಿವೆ. ಅವನ್ನು ಹಾಕಿದರಷ್ಟೇ ಸಾಲದು, ಲಾಗಿನ್ ಆಗುವಾಗಲೇ ಓದಿಸುವ ಒಂದು ಸಾಲಿನಲ್ಲಿ ‘ಕ್ಯೂಟ್‌ಗೆ ವೇಷ ಹೇಳುವವರು ಇವರು’ ಎಂದು ನಮೂದಿಸಬೇಕು. ಆ ಸಾಲನ್ನು ಎಲ್ಲಿ ಬರೆಯಬೇಕೆಂಬುದರಲ್ಲೇ ಅರ್ಧ ಜನ ಸೋಲುತ್ತಾರೆ. ಟರ್ಮಿನಲ್ ಮಾತ್ರ ಓದುವ ಕಡತದಲ್ಲಿ ಬರೆದರೆ ಟರ್ಮಿನಲ್‌ನಿಂದ ತೆರೆದಾಗ ಚೆಂದ, ಮೆನುವಿನಿಂದ ತೆರೆದಾಗ ಮತ್ತೆ ಹಳೆಯ ಮುಖ. ಬಣ್ಣವಷ್ಟೇ ಅಲ್ಲ, ಗುಂಡಿಯ ಆಕಾರವೂ ಜಿಟಿಕೆಯಂತೆಯೇ ಇರಬೇಕೆನ್ನುವವರಿಗೆ ಕ್ವಾಂಟಂ ಇದೆ; ಎಸ್‌ವಿಜಿ ಚಿತ್ರಗಳಿಂದ ಗುಂಡಿ ಕಟ್ಟುವ ಅದರಲ್ಲಿ ಆರ್ಕ್‌ನಂಥ ಜನಪ್ರಿಯ ಜಿಟಿಕೆ ಥೀಮುಗಳ ಜೋಡಿ ಸಿಗುತ್ತದೆ. ಅದರ ಪಾರದರ್ಶಕ ಮೆನುಗಳ ಆಸೆಯನ್ನು ಮಾತ್ರ 2 ಜಿಬಿ ಯಂತ್ರದವರು ಬಿಡುವುದು ಲೇಸು.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಕಂಪ್ಯೂಟರ್ ಕೊಠಡಿ ನೋಡಿದವರಿಗೆ ಈ ತಲೆನೋವು ಹೊಸದಲ್ಲ. ಕಳೆದ ದಶಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಶಿಕ್ಷಕರು ಕೈಯಾಡಿಸಿದ್ದು ಉಬುಂಟು ಲಿನಕ್ಸ್ ಮೇಲೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಅವರಿಗೆ ಕಲಿಸಿದ ಸಾಧನಗಳನ್ನು ಒಂದೊಂದಾಗಿ ನೋಡಿ. ಆವರ್ತ ಕೋಷ್ಟಕ ತೋರಿಸುವ ಕಾಲ್ಝಿಯಂ, ಭೂಪಟದ ಕೆಜಿಯಾಗ್ರಫಿ, ಭೂಗೋಳ ತಿರುಗಿಸುವ ಮಾರ್ಬಲ್, ಮೂರೂ ಕ್ಯೂಟ್ ಮನೆತನದವು. ಪರಿಕಲ್ಪನಾ ನಕ್ಷೆ ಬಿಡಿಸುವ ಫ್ರೀಪ್ಲೇನ್ ಜಾವಾದ್ದು. ಗಣಿತದ ಜಿಯೋಜೀಬ್ರಾದ ಕ್ಲಾಸಿಕ್ 5 ಆವೃತ್ತಿಯೂ ಅಷ್ಟೇ. ಲಿಬ್ರೆಆಫೀಸ್ ತನ್ನದೇ ಕಣಜ ಹೊತ್ತುಕೊಂಡು ತಿರುಗುವ ಯಾತ್ರಿಕ. ಉಳಿದ ಚಿಲ್ಲರೆ ಕಾರ್ಯಕ್ರಮಗಳು ಜಿಟಿಕೆಯವು. ಪಾಠ ಚೆನ್ನಾಗಿಯೇ ಆಯ್ಕೆಯಾಗಿತ್ತು, ಸೀನರಿ ನಾಲ್ಕು ಕಡೆಯದಾಗಿತ್ತು. ಮೊದಲ ಸಲ ಮೌಸ್ ಹಿಡಿದ ಶಿಕ್ಷಕಿಗೆ ಒಂದು ಕಿಟಕಿಯಲ್ಲಿ ‘ಉಳಿಸು’ ಎಂಬುದರ ಚಿತ್ರ ಫ್ಲಾಪಿ, ಇನ್ನೊಂದರಲ್ಲಿ ಕೆಳಮುಖ ಬಾಣ, ಮೂರನೆಯದರಲ್ಲಿ ಖಾಲಿ ಚೌಕ ಎಂದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಥೀಮ್ ಹೊಂದಿಸುವುದನ್ನು ಹುಡುಗರ ಶೋಕಿ ಎಂದು ತಳ್ಳಿಹಾಕುವವರು ಈ ಖಾಲಿ ಚೌಕದ ಎದುರು ಸ್ವಲ್ಪ ಹೊತ್ತು ಕೂರಬೇಕು.

ಖಾಲಿ ಚೌಕಕ್ಕೆ ಕಾರಣ ಸರಳ. ಐಕಾನ್ ಥೀಮ್ ಯಾವುದು ಎಂದು ಯಾರೂ ಹೇಳದಿದ್ದಾಗ ಕಾರ್ಯಕ್ರಮಗಳು ಹೈಕಲರ್ ಎಂಬ ಕೊನೆಯ ಆಸರೆಗೆ ಹೋಗುತ್ತವೆ. ಅಲ್ಲಿ ಎಲ್ಲ ಚಿತ್ರಗಳೂ ಇರುವುದಿಲ್ಲ. ಕೆಡಿಇಯ ಬ್ರೀಝ್ ಐಕಾನುಗಳನ್ನು ಹಾಕಿ, ಜಿಟಿಕೆಗೂ ಕ್ಯೂಟ್‌ಗೂ ಅದೇ ಹೆಸರು ಬರೆದರೆ ಫ್ಲಾಪಿಯೋ ಬಾಣವೋ ಎಂಬ ಜಗಳ ಬಹುಮಟ್ಟಿಗೆ ತೀರುತ್ತದೆ. ಐಕಾನುಗಳ ವಿಷಯದಲ್ಲಿ ಎರಡೂ ಮನೆಯವರು ಫ್ರೀಡೆಸ್ಕ್‌ಟಾಪ್ ಎಂಬ ವೇದಿಕೆಯಲ್ಲಿ ಕೂತು ಒಂದೇ ನಿಯಮಕ್ಕೆ ಒಪ್ಪಿದ್ದಾರೆ, ಅದೊಂದು ಪುಣ್ಯ. ಕಪ್ಪು ಥೀಮ್ ಬೇಕೆಂದವರಿಗೆ ಮಾತ್ರ ಇನ್ನೊಂದು ಕಂಟಕ: ಕೆಡಿಇ ಕಾರ್ಯಕ್ರಮಗಳು ಕೆಲವು ಬಣ್ಣಗಳನ್ನು ತಮ್ಮದೇ ಕೆಡಿಇಗ್ಲೋಬಲ್ಸ್ ಕಡತದಿಂದ ಓದುವುದರಿಂದ, ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ ಮೂಡಿ ಕಣ್ಣು ಕೀಳುತ್ತದೆ.

ಲಿಬ್ರೆಆಫೀಸಿಗೆ ವಿಂಡೋಸ್ 95ರ ಮುಖ ಬಂದದ್ದು ಅದರ ಜಿಟಿಕೆ3 ಪ್ಯಾಕೇಜು ಯಂತ್ರದಲ್ಲಿ ಇಲ್ಲದ ಕಾರಣಕ್ಕೆ. ಅದನ್ನು ಹಾಕಿದ ಕೂಡಲೆ ಅದು ನೆಂಟರಂತೆ ಮನೆಯ ರೀತಿಗೆ ಹೊಂದಿಕೊಳ್ಳುತ್ತದೆ.

ಜಾವಾದ ಕಥೆಗೆ ನಾಟಕದ ಗುಣವಿದೆ. ಜಾವಾ ಕಾರ್ಯಕ್ರಮಕ್ಕೆ ಗೊತ್ತಿರುವ ವಿಂಡೊ ಮ್ಯಾನೇಜರುಗಳ ಒಂದು ಪಟ್ಟಿ ಅದರೊಳಗೇ ಕೊರೆದಿಟ್ಟಿದೆ. ಡಿಡಬ್ಲ್ಯುಎಂನಂಥವು ಆ ಪಟ್ಟಿಯಲ್ಲಿಲ್ಲ. ಪರಿಚಯವಿಲ್ಲದ ಮನೆಗೆ ಬಂದವರಂತೆ ಅದು ಬಾಗಿಲಲ್ಲೇ ನಿಂತುಬಿಡುತ್ತದೆ; ಕಿಟಕಿ ತೆರೆಯುತ್ತದೆ, ಒಳಗೆ ಬರೀ ಬೂದಿ ಬಣ್ಣ. ಇದಕ್ಕೆ ಬಹಳ ಕಾಲ ನಡೆದ ಮದ್ದು ಎಂದರೆ ವಿಂಡೊ ಮ್ಯಾನೇಜರಿಗೆ ಎಲ್‌ಜಿ3ಡಿ ಎಂದು ಸುಳ್ಳು ಹೆಸರು ಇಡುವುದು. ಜಾವಾ ಕಟ್ಟಿದ ಸನ್ ಕಂಪನಿಯೇ ಲುಕಿಂಗ್ ಗ್ಲಾಸ್ ಎಂಬ ಯೋಜನೆಯಲ್ಲಿ ಪ್ರಯೋಗಕ್ಕೆಂದು ಬರೆದು ಕೈಬಿಟ್ಟ ವಿಂಡೊ ಮ್ಯಾನೇಜರಿನ ಹೆಸರು ಅದು. ಸತ್ತವರ ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ! ಈಗ ಅದಕ್ಕೆಂದೇ ಒಂದು ನೇರ ಸೂಚನೆ ಇದ್ದು, ವೇಷ ಮರೆಸುವ ಅಗತ್ಯ ಬೀಳುವುದಿಲ್ಲ. ಒಳಗಿನ ಮುಖ ಜಿಟಿಕೆಯಂತೆ ಇರಲಿ ಎಂದು ಹೇಳಲು ಇನ್ನೊಂದು ಸೂಚನೆ. ಹೇಳಿದರೂ ಅದು ಅನುಕರಿಸುವುದು ಅಷ್ಟಕ್ಕಷ್ಟೆ.

ಇಷ್ಟೆಲ್ಲ ಹೊಂದಿಸಿದ ಮೇಲೂ ಪಟ್ಟು ಬಿಡದವರು ಗ್ನೋಮ್‌ನ ಹೊಸ ಕಾರ್ಯಕ್ರಮಗಳು. 2019ರಲ್ಲಿ ಗ್ನೋಮ್‌ಗೆ ಕಾರ್ಯಕ್ರಮ ಬರೆಯುವ ಹಲವರು ಸೇರಿ ಲಿನಕ್ಸ್ ವಿತರಕರಿಗೆ ಒಂದು ಬಹಿರಂಗ ಪತ್ರ ಬರೆದರು. ನಮ್ಮ ಕಾರ್ಯಕ್ರಮಗಳಿಗೆ ನಿಮ್ಮ ಥೀಮ್ ತೊಡಿಸಬೇಡಿ, ಅದರಿಂದ ಗುಂಡಿಗಳು ಕಾಣದಾಗುತ್ತವೆ, ದೂರು ಮಾತ್ರ ನಮ್ಮ ಬಾಗಿಲಿಗೆ ಬರುತ್ತದೆ ಎಂಬುದು ಸಾರ. ತಮ್ಮ ಯಂತ್ರವನ್ನು ತಾವೇ ಕೆದಕಿಕೊಳ್ಳುವವರ ಮೇಲೆ ತಕರಾರಿಲ್ಲ ಎಂದೂ ಅದರಲ್ಲಿತ್ತು. 2021ರ ಕೊನೆಯ ದಿನ ಬಿಡುಗಡೆಯಾದ ಲಿಬ್‌ಅಡ್ವೈತ ಎಂಬ ಗ್ನೋಮ್‌ನ ಕಣಜ ಆ ಪತ್ರದ ಧಾಟಿಯನ್ನೇ ಸಂಕೇತಕ್ಕಿಳಿಸಿತು. ಅದರ ಮೇಲೆ ಕಟ್ಟಿದ ಕಾರ್ಯಕ್ರಮಗಳು ಥೀಮಿನ ಹೆಸರಿಗೆ ಕಿವಿಗೊಡುವುದಿಲ್ಲ. ಬಿಳಿಯೋ ಕಪ್ಪೋ ಎಂಬಂಥ ಒಂದೆರಡು ಮಾತು ಕೇಳುತ್ತವೆ. ಹೆಸರಿನ ಹಿಂದಿರುವುದು ನಮ್ಮ ಅದ್ವೈತವೇ. ಎಲ್ಲವೂ ಒಂದೇ ಎಂದು ಹೆಸರಿಟ್ಟುಕೊಂಡವರು ಉಳಿದವರೊಡನೆ ಒಂದಾಗಲು ಒಪ್ಪದಿರುವುದನ್ನು ಕಂಡು ಶೃಂಗೇರಿಯವರು ನಗಬಹುದು. ಪತ್ರ ಬರೆದವರ ದೂರಿನಲ್ಲಿ ಹುರುಳಿದೆ. ಆದರೆ ಹಳೆಯ ಯಂತ್ರದ ಮಾಲೀಕನಿಗೆ ಉಳಿಯುವ ದಾರಿ ಎಂದರೆ ಇಂಥವನ್ನು ಆದಷ್ಟು ಕಡಿಮೆ ಬಳಸುವುದು. ಇವು ತಲೆಪಟ್ಟಿಯನ್ನೂ ತಾವೇ ಬರೆದುಕೊಳ್ಳುವುದರಿಂದ ಓಪನ್‌ಬಾಕ್ಸ್‌ನ ಚೌಕಟ್ಟು ಎಷ್ಟು ಚೆಂದವಿದ್ದರೂ ಇವುಗಳ ಪಾಲಿಗೆ ದಂಡ.

ಬಣ್ಣ, ಗುಂಡಿಗಳ ಮಾತಾಯಿತು. ಕನ್ನಡದಲ್ಲಿ ಕೆಲಸ ಮಾಡುವ ಅಂಗಡಿಯಲ್ಲಿ ಇವುಗಳಿಗಿಂತ ಮುಂಚೆ ಹೊಂದಬೇಕಾದದ್ದು ಅಕ್ಷರ. ಥೀಮ್ ಕುರಿತ ಸಲಹೆಗಳು ಹೆಚ್ಚಾಗಿ ಇಂಗ್ಲಿಷ್ ಓದುವವರು ಇಂಗ್ಲಿಷ್ ಓದುವವರಿಗೆ ಬರೆದವು. ಅವರಿಗೆ ಫಾಂಟ್ ಎಂದರೆ ಕೊನೆಯ ಅಲಂಕಾರ. ಇಲ್ಲಿ ಅದು ತಳಪಾಯ.

‘ಕೊತ್ತಗೆರೆ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಯುನಿಕೋಡ್‌ನಲ್ಲಿ ಅದರ ‘ತ್ತ’ ಎಂಬ ಒತ್ತಕ್ಷರ ಮೂರು ಚಿಹ್ನೆಗಳಾಗಿ ಕೂತಿರುತ್ತದೆ: ತ, ಹಲಂತ, ಮತ್ತೊಂದು ತ. ಎರಡನೆಯ ತಕಾರವನ್ನು ಕೆಳಗಿಳಿಸಿ ಒತ್ತಾಗಿಸುವುದು ಹಾರ್ಫ್‌ಬಝ್ ಎಂಬ ಅಕ್ಷರಜೋಡಣೆಯ ಯಂತ್ರ. ಜಿಟಿಕೆ ಅದನ್ನು ಪ್ಯಾಂಗೊ ಮೂಲಕ ಬಳಸುತ್ತದೆ, ಕ್ಯೂಟ್ ತನ್ನೊಳಗೇ ಇಟ್ಟುಕೊಂಡಿದೆ, ಲಿಬ್ರೆಆಫೀಸ್ ಕೂಡ ಅದನ್ನೇ ನಂಬಿದೆ. ಓಪನ್‌ಬಾಕ್ಸ್ ತಲೆಪಟ್ಟಿಗೆ ಪ್ಯಾಂಗೊ ಬಳಸುವುದರಿಂದ ಅಲ್ಲೂ ತೊಂದರೆಯಿಲ್ಲ. ಡಿಡಬ್ಲ್ಯುಎಂ ಮತ್ತು ಅದರ ಜೊತೆಗಾರ ಡಿಮೆನು ಹಗುರವಾಗುವ ಹಟದಲ್ಲಿ ಎಕ್ಸ್‌ಎಫ್‌ಟಿ ಎಂಬ ಬರಿಯ ಅಚ್ಚುಮೊಳೆ ಇಟ್ಟುಕೊಂಡಿವೆ. ಅಲ್ಲಿ ಜೋಡಣೆ ನಡೆಯುವುದಿಲ್ಲ. ತಕಾರ, ಪಕ್ಕದಲ್ಲಿ ತೂಗಾಡುವ ಹಲಂತ, ಆಮೇಲೆ ಮತ್ತೊಂದು ಇಡೀ ತಕಾರ. ಊರಿನ ಹೆಸರು ಬಿಡಿಭಾಗಗಳಾಗಿ ಬಿದ್ದಿರುತ್ತದೆ. ‘ತುಮಕೂರು’ ಹೇಗೋ ಪಾರಾಗುತ್ತದೆ. ‘ಗುಬ್ಬಿ’ಯ ರೆಕ್ಕೆ ಮುರಿಯುತ್ತದೆ. ಡಿಡಬ್ಲ್ಯುಎಂನ ಪಟ್ಟಿಯ ಎತ್ತರ ನಿಗದಿಯಾಗುವುದು ಪಟ್ಟಿಗೆ ಕೊಟ್ಟ ಮೊದಲ ಫಾಂಟಿನ ಅಳತೆಯಿಂದ. ಆ ಮೊದಲನೆಯದು ಇಂಗ್ಲಿಷಿನ ಕುಳ್ಳ ಫಾಂಟಾದರೆ ಕನ್ನಡದ ಒತ್ತಿಗೆ ಕಾಲು ಚಾಚಲು ಜಾಗವೇ ಇರುವುದಿಲ್ಲ. ಕನ್ನಡದ ಕಡತ, ಫೋಲ್ಡರುಗಳ ಹೆಸರು ದಿನವಿಡೀ ಓದುವವರು ವಿಂಡೊ ಮ್ಯಾನೇಜರ್ ಆರಿಸುವಾಗ ಇದನ್ನು ಮೊದಲು ನೋಡಬೇಕು. ಐ3ಯ ಪಟ್ಟಿಗೆ ಪ್ಯಾಂಗೊ ಬಳಸೆಂದು ಒಂದು ಪದದಲ್ಲಿ ಹೇಳಬಹುದು. ಡಿಡಬ್ಲ್ಯುಎಂಗೆ ಅದನ್ನು ಕಲಿಸಬೇಕಾದರೆ ಮೂಲ ಸಂಕೇತವನ್ನೇ ತಿದ್ದಬೇಕು.

ಒಡೆಯದ ಅಕ್ಷರವೂ ಒಂದೇ ಮುಖದ್ದಾಗಿರುತ್ತದೆ ಎನ್ನುವಂತಿಲ್ಲ. ಡೆಬಿಯನ್‌ನಲ್ಲಿ ಕನ್ನಡ ಫಾಂಟುಗಳ ಗಂಟು ಬಿಚ್ಚಿದರೆ ಲೋಹಿತ್ ಇದೆ, ಕೈಬರಹದ ಧಾಟಿಯ ನವಿಲು ಇದೆ, ಗುಬ್ಬಿ ಇದೆ. ಈ ಗುಬ್ಬಿ ಫಾಂಟಿನ ಮೇಲೆ ಗುಬ್ಬಿ ತಾಲ್ಲೂಕಿನವರು ಹಕ್ಕು ಸ್ಥಾಪಿಸುವ ಮೊದಲು ಅದರ ಜೊತೆಗಾರ ನವಿಲು ಎಂಬುದನ್ನು ಗಮನಿಸಬೇಕು. ಊರಿಗಿಂತ ಹಕ್ಕಿಯ ವಾದವೇ ಗಟ್ಟಿ. ಗೂಗಲ್‌ನ ನೋಟೊ ಸ್ಯಾನ್ಸ್ ಕನ್ನಡ ಇನ್ನೊಂದು. ಕಾರ್ಯಕ್ರಮವೊಂದು ಕನ್ನಡಕ್ಕೆ ಯಾವ ಫಾಂಟ್ ಎಂದು ಕೇಳಿದಾಗ ಉತ್ತರ ಕೊಡುವುದು ಫಾಂಟ್‌ಕಾನ್ಫಿಗ್. ಅದಕ್ಕೆ ಯಾರೂ ಏನೂ ಹೇಳಿಲ್ಲದಿದ್ದರೆ ಇರುವುದರಲ್ಲಿ ಒಂದನ್ನು ತನ್ನ ಲೆಕ್ಕದಂತೆ ಎತ್ತಿಕೊಡುತ್ತದೆ. ಫೈರ್‌ಫಾಕ್ಸ್‌ಗೆ ಕನ್ನಡ ಲಿಪಿಗೆಂದೇ ಪ್ರತ್ಯೇಕ ಆಯ್ಕೆ ಒಳಗಡೆ ಇದೆ. ಲಿಬ್ರೆಆಫೀಸ್ ಸಂಕೀರ್ಣ ಲಿಪಿಗಳಿಗೆ ಬೇರೆ ಫಾಂಟ್, ಬೇರೆ ಗಾತ್ರ ಇಡುತ್ತದೆ. ಹೀಗೆ ಒಂದೇ ಅರ್ಜಿಯ ಹೆಸರು ಬ್ರೌಸರಿನಲ್ಲಿ ದಪ್ಪ, ಫೈಲ್ ಮ್ಯಾನೇಜರಿನಲ್ಲಿ ತೆಳು, ಪತ್ರದಲ್ಲಿ ಕೈಬರಹ.

ಮದ್ದು ಒಂದೇ ಕಡತದಲ್ಲಿದೆ. ಫಾಂಟ್‌ಕಾನ್ಫಿಗ್‌ನ ಬಳಕೆದಾರ ಕಡತದಲ್ಲಿ ‘ಸ್ಯಾನ್ಸ್ ಎಂದರೆ ಮೊದಲು ಈ ಇಂಗ್ಲಿಷ್ ಫಾಂಟ್, ಅದರ ಬೆನ್ನಿಗೆ ಈ ಕನ್ನಡ ಫಾಂಟ್’ ಎಂದು ಬರೆದಿಟ್ಟು, ಜಿಟಿಕೆಗೂ ಕ್ಯೂಟ್‌ಗೂ ಓಪನ್‌ಬಾಕ್ಸ್ ತಲೆಪಟ್ಟಿಗೂ ‘ಸ್ಯಾನ್ಸ್ 11’ ಎಂದಷ್ಟೇ ಹೇಳಬೇಕು. ನಾಲ್ಕು ಕಡೆ ನಾಲ್ಕು ಹೆಸರು ಬರೆಯುವ ಕೆಲಸವಿಲ್ಲ. ನಾಳೆ ಮನಸ್ಸು ಬದಲಾದರೆ ತಿದ್ದುವುದೂ ಒಂದೇ ಜಾಗದಲ್ಲಿ. ಇದೊಂದನ್ನು ಮಾಡಿ ಥೀಮನ್ನು ಹಾಗೇ ಬಿಟ್ಟರೂ ಪರದೆಯ ಅರ್ಧ ಗಲಿಬಿಲಿ ಇಳಿದುಹೋಗುತ್ತದೆ. ಕಣ್ಣು ಮೊದಲು ಹುಡುಕುವುದು ಅಕ್ಷರವನ್ನು, ಗುಂಡಿಯ ಮೂಲೆ ದುಂಡಗಿದೆಯೋ ಚೂಪಾಗಿದೆಯೋ ಎನ್ನುವುದನ್ನು ಆಮೇಲೆ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ, ಯುನಿಕೋಡ್ ಅಲ್ಲದ ಕಡತಗಳು ಮಾತ್ರ ಈ ಮದ್ದಿಗೆ ಬಗ್ಗುವುದಿಲ್ಲ. ಅವನ್ನು ಪರಿವರ್ತಿಸಿಯೇ ತೀರಬೇಕು.

ಎಕ್ಸ್ ವ್ಯವಸ್ಥೆಯ ಜಾಗಕ್ಕೆ ಈಗ ವೇಲ್ಯಾಂಡ್ ಬರುತ್ತಿದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈ ಕಂಪ್ಯೂಟರಿನ ಅಧಿಕೃತ ವ್ಯವಸ್ಥೆ 2024ರ ಅಕ್ಟೋಬರಿನಲ್ಲಿ ಲ್ಯಾಬ್‌ಡಬ್ಲ್ಯುಸಿ ಎಂಬ ವೇಲ್ಯಾಂಡ್ ವಿಂಡೊ ಮ್ಯಾನೇಜರಿಗೆ ಬದಲಾಯಿತು. ಇದು ಓಪನ್‌ಬಾಕ್ಸ್‌ನ ಥೀಮುಗಳನ್ನೇ ಓದುತ್ತದೆ, ಹಾಗಾಗಿ ತಲೆಪಟ್ಟಿಗಳ ಹಳೆಯ ಸಂಗ್ರಹ ವ್ಯರ್ಥವಾಗಲಿಲ್ಲ. ಆದರೆ ವೇಲ್ಯಾಂಡ್‌ನಲ್ಲಿ ಎಕ್ಸ್‌ಸೆಟ್ಟಿಂಗ್ಸ್ ಸಾರಿಕೆ ಇಲ್ಲ. ಜಿಟಿಕೆ ಕಾರ್ಯಕ್ರಮಗಳು ಗ್ನೋಮ್ ಇಲ್ಲದ ಮನೆಯಲ್ಲೂ ಗ್ನೋಮ್‌ನ ಜಿಸೆಟ್ಟಿಂಗ್ಸ್ ಪುಸ್ತಕವನ್ನೇ ತೆರೆದು ನೋಡುತ್ತವೆ. ಎಲ್‌ಎಕ್ಸ್‌ಅಪಿಯರೆನ್ಸ್ ಬರೆದದ್ದು ಅಲ್ಲಿ ಸಾಲದು. ಆ ಪುಸ್ತಕಕ್ಕೂ ಬರೆಯುವ ಎನ್‌ಡಬ್ಲ್ಯುಜಿ-ಲುಕ್ ಎಂಬ ಸಲಕರಣೆ ಬಂದಿದೆ.

ಕೊತ್ತಗೆರೆಯ ನಮ್ಮ ಊಹೆಯ ಅಂಗಡಿಗೆ ಸದ್ಯ ವೇಲ್ಯಾಂಡ್‌ನ ಅವಸರವಿಲ್ಲ. ಮುಂದಿನ ಭಾನುವಾರ ತಮ್ಮ ಬರುತ್ತಾನೆ, ಮೂರು ಗಂಟೆ ಕೂತು ಟ್ರಂಕುಗಳನ್ನೆಲ್ಲ ತೆರೆಸುತ್ತಾನೆ. ಫೈಲ್ ಮ್ಯಾನೇಜರ್, ಪಿಡಿಎಫ್, ಲಿಬ್ರೆಆಫೀಸ್ ಮೂರೂ ಒಂದೇ ಬಣ್ಣಕ್ಕೆ, ಒಂದೇ ಅಕ್ಷರಕ್ಕೆ ಬರುತ್ತವೆ. ಪ್ಯಾಕೇಜ್ ಹಾಕುವ ಸಿನಾಪ್ಟಿಕ್ ಮಾತ್ರ ಹಳೆಯ ಮುಖದಲ್ಲೇ ಎದ್ದು ನಿಂತಾಗ ಅವನಿಗೆ ಕಾರಣ ತಟ್ಟನೆ ಹೊಳೆಯುತ್ತದೆ. ಅದು ಓಡುವುದು ರೂಟ್ ಎಂಬ ಮೇಲಧಿಕಾರಿಯ ಹೆಸರಿನಲ್ಲಿ, ಆದ್ದರಿಂದ ಬಟ್ಟೆ ಹುಡುಕುವುದೂ ಆ ಅಧಿಕಾರಿಯ ಮನೆಯಲ್ಲಿ. ಥೀಮಿನ ಫೋಲ್ಡರನ್ನು ಹೋಮ್‌ನಿಂದ ಎತ್ತಿ ಎಲ್ಲರಿಗೂ ಸಿಗುವ ಸಾರ್ವಜನಿಕ ಜಾಗದಲ್ಲಿಟ್ಟು, ರೂಟ್‌ನ ಕಡತದಲ್ಲೂ ಅದೇ ಥೀಮಿನ ಹೆಸರು ಬರೆದು, ಸಂಜೆಯ ಬಸ್ಸಿಗೆ ಹೊರಡುತ್ತಾನೆ.

ಸೋಮವಾರ ಅಣ್ಣ ಶಟರ್ ಎತ್ತಿ ಯಂತ್ರ ಹಚ್ಚುತ್ತಾನೆ. ಮೊದಲು ಕಾಣುವುದು ಲಾಗಿನ್ ಪರದೆ, ಅದೂ ಹಳೆಯ ಮುಖದಲ್ಲೇ. ಅದು ಓಡುವುದು ಇನ್ನೊಬ್ಬನ ಹೆಸರಿನಲ್ಲಿ, ಅಂಗಡಿಯವನು ಪಾಸ್‌ವರ್ಡ್ ಒತ್ತುವುದಕ್ಕಿಂತ ಮುಂಚೆ, ಅವನ ಹೋಮ್ ಫೋಲ್ಡರಿನ ನೆರಳೂ ಬೀಳದ ಜಾಗದಲ್ಲಿ. ಅದರ ಟ್ರಂಕು ಇಟಿಸಿ ಫೋಲ್ಡರಿನ ಲೈಟ್‌ಡಿಎಂ ಒಳಗಿದೆ. ಅಣ್ಣ ಫೋನ್ ತೆಗೆದು ತಮ್ಮನಿಗೆ ಡಯಲ್ ಮಾಡುತ್ತಾನೆ.